ಧನುರ್ಮಾಸದ ಬಾಣಗಳು

ಮೊನ್ನೆ ಹನುಮಂತನಗರದಿಂದ ಬನಶಂಕರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸಿನ ಮೈಯಿಂದ ನೋವಿನೆಣ್ಣೆಯ ವಾಸನೆ ಬಂತು. ಎಳ್ಳೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿದ ಆ ವಾಸನೆ ಬೇರೆಯವರಿಗೆ ಅಜ್ಜಿಯನ್ನೋ ಬಾಣಂತಿ ಕೋಣೆಯನ್ನೋ ನೆನಪಿಸೀತು. ನನಗೆ ಕಿರಣನ ಮುಖ ನೆನಪಾಗುತ್ತದೆ. ಅಲ್ಲೇ, ಬಸ್ಸಿನಲ್ಲೇ, ಹಲ್ಲು ಕಡಿದೆ. ಆ ಹೆಂಗಸು ಹೆದರಿ ಸ್ವಲ್ಪ ಸರಿದು ಕೂತರು.

ಕಿರಣ ನಮಗೆ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ಜೆ.ಪಿ. ನಗರದಲ್ಲಿ ಸೈಕಲ್ ಅಂಗಡಿ ಇಟ್ಟವನು. ಭಾನುವಾರ ಬೆಳಿಗ್ಗೆ ಊರವರನ್ನೆಲ್ಲ ಸೇರಿಸಿ ಸೈಕಲ್ ಸವಾರಿ ನಡೆಸುತ್ತಿದ್ದ. ಗಂಡಸರು, ಹೆಂಗಸರು, ಮಕ್ಕಳು, ಸೊಂಟ ನೋವಿನವರು, ಹೊಟ್ಟೆ ಬಂದವರು, ಎಲ್ಲರೂ ಬರುತ್ತಿದ್ದರು. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ಮನೆಯಲ್ಲಿ ಕೂತರೆ ಗಂಡನಿಗೆ ಅಟೆನ್‌ಷನ್ ಹೇಳುತ್ತೇನೆಂದು ಅವರೇ ನನ್ನನ್ನು ಆ ಗುಂಪಿಗೆ ತಳ್ಳಿದರು. ಮಂಡಿ ಕೈಕೊಟ್ಟಿತ್ತು, ಸೈಕಲ್ ತುಳಿಯುವ ಹಾಗಿರಲಿಲ್ಲ. ವಾಲಂಟಿಯರ್ ಆದೆ. ವಾಲಂಟಿಯರುಗಳಿಗೆಲ್ಲ ಕೊಡುವ ಹಳದಿ ಜಾಕೆಟ್ ಕಿರಣ ಕೊಟ್ಟ, ಪೀಪಿ ಹೇಗೂ ಮನೆಯಲ್ಲಿತ್ತು.

ನನ್ನ ಜೊತೆ ನಾದಿನಿ ಪದ್ಮಳನ್ನೂ ಎಳೆದುಕೊಂಡು ಹೋದೆ. ಪದ್ಮ ನನ್ನ ಗಂಡನ ತಂಗಿ, ಪಕ್ಕದ ಕ್ರಾಸಿನಲ್ಲೇ ಮನೆ. ನಾನು ಬೆಂಕಿಯಾದರೆ ಅವಳು ಐಸ್‌ಕ್ರೀಮು. ಯಾರು ಏನು ಮಾಡಿದರೂ ‘ಬಿಡಿ ಅತ್ತಿಗೆ’ ಎನ್ನುವವಳು. ಹಾಲಿನವನು ನೀರು ಬೆರೆಸಿದರೆ ಬಿಡಿ ಅತ್ತಿಗೆ, ಎದುರು ಮನೆಯವರು ಕಾರು ತಂದು ಗೇಟಿಗೆ ಅಡ್ಡ ನಿಲ್ಲಿಸಿದರೆ ಬಿಡಿ ಅತ್ತಿಗೆ. ಇಂಥವಳನ್ನು ಟ್ರಾಫಿಕ್ ತಡೆಯಲು ಕರೆದುಕೊಂಡು ಹೋಗುತ್ತೀಯಲ್ಲ ಎಂದು ನನ್ನ ಗಂಡ ನಕ್ಕಿದ್ದರು.

ಆದರೆ ಪದ್ಮ ಆ ಕೆಲಸಕ್ಕೆಂದೇ ಹುಟ್ಟಿದವಳು ಎಂದು ಒಂದೇ ಭಾನುವಾರದಲ್ಲಿ ಗೊತ್ತಾಯಿತು. ನಾನು ಪೀಪಿ ಊದಿ, ಕಣ್ಣು ಬಿಟ್ಟು, ಆಟೋದವರ ಜೊತೆ ಜಗಳಕ್ಕೆ ನಿಂತರೆ ಅವಳು ಕೈ ಅಡ್ಡ ಹಿಡಿದು, ‘ಒಂದ್ನಿಮಿಷ ಅಣ್ಣ, ಮಕ್ಕಳು ಬರ್ತಾ ಇದಾರೆ’ ಎನ್ನುತ್ತಿದ್ದಳು. ಅಣ್ಣ ನಿಲ್ಲುತ್ತಿದ್ದ. ನೀರಿನ ಟ್ಯಾಂಕರಿನವನೂ ನಿಲ್ಲುತ್ತಿದ್ದ. ಹಿಂದೆ ಬಿದ್ದು ಏದುಸಿರು ಬಿಡುತ್ತ ಬಂದವರಿಗೆ ಅವಳು ಕಿತ್ತಳೆ ತೊಳೆ ಬಿಡಿಸಿ ಕೈಗೆ ಕೊಡುತ್ತಿದ್ದಳು. ಹೆಸರು ಕೇಳಿಕೊಂಡು, ಮುಂದಿನ ವಾರ ಹೆಸರು ಹಿಡಿದೇ ಕೂಗುತ್ತಿದ್ದಳು. ಸೀರೆ ಎತ್ತಿ ಕಟ್ಟಿಕೊಂಡು ಮೊದಲ ಸಲ ಸೈಕಲ್ ಹತ್ತಿದ ಒಬ್ಬರು ಆಂಟಿ ತಿರುವಿನಲ್ಲಿ ಹೆದರಿ ಇಳಿದುಬಿಟ್ಟಾಗ, ಪದ್ಮ ಅವರ ಜೊತೆ ಒಂದು ಫರ್ಲಾಂಗು ಓಡಿ ಮತ್ತೆ ಹತ್ತಿಸಿ ಬಂದಿದ್ದಳು. ನಮ್ಮಂಥವರು ಒಂದಿಷ್ಟು ಜನ ಬೀದಿಬೀದಿಯಲ್ಲಿ ನಿಂತಿರದಿದ್ದರೆ ಆ ಸವಾರಿ ತಾನು ಹೊರಡುವ ಮೈದಾನದ ಗೇಟನ್ನೂ ದಾಟುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದೇ ಇದಕ್ಕೆ ಸಾಕ್ಷಿ.

ಅದು ಶ್ರಾವಣ. ನಮ್ಮೂರಿನ ಜಿಟಿಜಿಟಿ ಮಳೆ, ಛತ್ರಿ ಬಿಡಿಸಿದರೆ ನಿಲ್ಲುವ, ಮಡಚಿದರೆ ಶುರುವಾಗುವ ಮಳೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರವಿತ್ತು. ಸಾರಕ್ಕಿ ಕೆರೆಯ ಕಡೆಯ ಒಂದು ಇಳಿಜಾರಿನ ಕೆಳತುದಿಯಲ್ಲಿ ಪದ್ಮ ನಿಂತಿದ್ದಳು. ಅದರ ಹಿಂದಿನ ತಿರುವಿನಲ್ಲಿ ನಾನು. ಸೈಕಲ್ಲುಗಳ ದೊಡ್ಡ ಗುಂಪೊಂದು ನನ್ನನ್ನು ದಾಟಿ ಇಳಿಜಾರಿಗೆ ಬಿತ್ತು. ಆಗಲೇ ಮಡಿವಾಳ ಮಾರ್ಕೆಟ್ಟಿನ ಕಡೆಯಿಂದ ಬಾಳೆಕಂಬ ತುಂಬಿದ ಟೆಂಪೋ ಒಂದು ರಾಂಗ್ ಸೈಡಿನಲ್ಲಿ ನುಗ್ಗಿ ಬಂತು. ನಾನು ಪೀಪಿ ಊದಿದೆ. ಅವನಿಗೆ ಎಲ್ಲಿ ಕೇಳಬೇಕು. ಪದ್ಮ ರಸ್ತೆಗೆ ಇಳಿದು ಎರಡೂ ಕೈ ಚಾಚಿ ಟೆಂಪೋದ ಮುಂದೆ ನಿಂತುಬಿಟ್ಟಳು. ಅವನು ಬ್ರೇಕ್ ಒತ್ತಿದ. ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡಡ್ಡ ಜಾರಿ, ಅದರ ಮೂಲೆ ಅವಳ ಬಲ ಭುಜಕ್ಕೆ ಬಡಿಯಿತು. ಸೈಕಲ್ಲಿನವರು ಪಕ್ಕಕ್ಕೆ ತಿರುಗಿಸಿಕೊಂಡು ಪಾರಾದರು. ಕೆಲವರು ನಿಂತರು. ಹೆಚ್ಚಿನವರಿಗೆ ಏನಾಯಿತೆಂದೇ ಗೊತ್ತಾಗದೆ ಮುಂದೆ ಹೋದರು.

ಕಿರಣನಿಗೆ ಫೋನ್ ಮಾಡಿದೆ. ‘ನೀವು ಕರ್ಕೊಂಡ್ ಹೋಗಿ ಮೇಡಂ, ನಾನು ಸ್ಟೇಜ್ ಹತ್ರ ಇದೀನಿ’ ಎಂದ. ನಾನು ಆಟೋದಲ್ಲಿ ಪದ್ಮಳನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದೆ. ಭುಜದ ಮೂಳೆ ಒಡೆದಿತ್ತು, ಆಪರೇಷನ್ ಎಂದರು. ಎಕ್ಸ್‌ರೇ ಆಗಿ, ಕೈ ಕಟ್ಟಿ, ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ನನ್ನ ಫೋನಿಗೆ ಗುಂಪಿನ ವೀಡಿಯೋ ಬಂತು. ಕಿರಣ ಸ್ಟೇಜಿನ ಮೇಲೆ ಮೈಕು ಹಿಡಿದಿದ್ದ. ಮಳೆಯಲ್ಲೂ ಇಷ್ಟು ಜನ ಬಂದಿರಿ ಎಂದ, ಟೀ ಶರ್ಟು ಕೊಡಿಸಿದವರಿಗೆ ವಂದನೆ ಹೇಳಿದ. ಕೊನೆಗೆ ಕೈ ಮುಗಿದು, ‘ದಾರೀಲಿ ಒಂದು ಸಣ್ಣ ಇನ್ಸಿಡೆಂಟ್ ಆಯ್ತು. ದೇವ್ರು ದೊಡ್ಡವನು, ಯಾರಿಗೂ ಏನೂ ಆಗ್ಲಿಲ್ಲ’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಪದ್ಮಳ ಮುಖ ನೋಡಿದೆ. ಅವಳು ನಗುತ್ತಿದ್ದಳು. ‘ಸದ್ಯ ಅತ್ತಿಗೆ, ಆ ಮಕ್ಕಳಿಗೆ ಯಾರಿಗೂ ಏನೂ ಆಗ್ಲಿಲ್ವಂತೆ’ ಎಂದಳು. ನನಗೆ ಅಲ್ಲೇ ಫೋನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು.

ಎರಡು ದಿನ ಕಾದೆ. ಅವನು ಬರಲಿಲ್ಲ, ಫೋನೂ ಇಲ್ಲ. ನಾನೇ ಅಂಗಡಿಗೆ ಹೋದೆ. ಕಿರಣ ಯಾರಿಗೋ ಹೆಲ್ಮೆಟ್ ತೋರಿಸುತ್ತಿದ್ದ. ಗಿರಾಕಿ ಹೋಗುವವರೆಗೂ ನನ್ನನ್ನು ನಿಲ್ಲಿಸಿ, ಆಮೇಲೆ ‘ಹೇಳಿ ಮೇಡಂ’ ಎಂದ.

‘ಯಾರಿಗೂ ಏನೂ ಆಗ್ಲಿಲ್ಲ ಅಂದ್ರಲ್ಲ, ಪದ್ಮ ಯಾರೂ ಅಲ್ವಾ?’ ಎಂದೆ.

‘ಅಯ್ಯೋ, ನಾನು ರೈಡರ್ಸ್ ವಿಷ್ಯ ಹೇಳಿದ್ದು ಮೇಡಂ. ಪಬ್ಲಿಕ್ ಪ್ಯಾನಿಕ್ ಆಗ್ಬಾರ್ದಲ್ವಾ? ಮತ್ತೆ, ತಪ್ಪು ತಿಳ್ಕೋಬೇಡಿ, ಆಂಟಿ ಯಾಕೆ ರೋಡಿಗೆ ಇಳಿದ್ರು? ವಾಲಂಟಿಯರ್ ಅಂದ್ರೆ ಸುಮ್ನೆ ನಿಂತ್ಕೊಳ್ಳೋದು ತಾನೆ?’

ಸುಮ್ನೆ. ನಮ್ಮ ಭಾಷೆಯಲ್ಲಿ ಇದಕ್ಕಿಂತ ದುಷ್ಟ ಪದ ಇನ್ನೊಂದಿಲ್ಲ. ಕೆಲಸವಿಲ್ಲದೆ ಅಂತಲೂ ಆಗುತ್ತದೆ, ಬಿಟ್ಟಿ ಅಂತಲೂ ಆಗುತ್ತದೆ, ಬಾಯಿ ಮುಚ್ಚಿಕೊಂಡು ಅಂತಲೂ ಆಗುತ್ತದೆ. ಅವನು ಮೂರನ್ನೂ ಸೇರಿಸಿಯೇ ಹೇಳಿದ್ದ. ಅಷ್ಟರಲ್ಲೇ ಅವನು ಬೀರುವಿಗೆ ಕೈ ಹಾಕಿ, ‘ಆಂಟಿಗೆ ಒಂದು ಟೀ ಶರ್ಟ್ ಕೊಡ್ತೀನಿ, ಸ್ಪೆಷಲ್ ಎಡಿಷನ್. ಸೈಜ್ ಎಷ್ಟು, ಎಕ್ಸೆಲ್ಲಾ?’ ಎಂದು ಕೇಳಿದ.

ಭುಜ ಒಡೆದವಳಿಗೆ ಟೀ ಶರ್ಟು! ಕೈ ಎತ್ತಿದರಲ್ಲವೇ ಅದು ಮೈ ಮೇಲೆ ಇಳಿಯುವುದು? ಅಷ್ಟು ಹೊತ್ತೂ ಬಹುವಚನದಲ್ಲಿದ್ದ ನನ್ನ ನಾಲಿಗೆ ಏಕವಚನಕ್ಕೆ ಇಳಿಯಿತು. ‘ಆ ಟೀ ಶರ್ಟ್ ನೀನೇ ಹಾಕ್ಕೋ. ನಮ್ಮ ಪೈಕಿ ಒಬ್ರೂ ಇನ್ನು ನಿನ್ನ ರೋಡಲ್ಲಿ ನಿಲ್ಲಲ್ಲ’ ಎಂದು ಹೇಳಿ ಬಂದೆ.

ಆ ಮಳೆಗಾಲ ಪೂರ್ತಿ ನನ್ನ ಬೆಳಗು ಪದ್ಮಳ ಮನೆಯಲ್ಲಿ ಆಯಿತು. ಎಣ್ಣೆ ಬೆಚ್ಚಗೆ ಮಾಡಿ ಭುಜಕ್ಕೆ ತಿಕ್ಕುವುದು, ಫಿಸಿಯೋದವನು ಹೇಳಿಕೊಟ್ಟಂತೆ ಗೋಡೆಯ ಮೇಲೆ ಅವಳ ಬೆರಳನ್ನು ಇಂಚಿಂಚೇ ಹತ್ತಿಸುವುದು. ಗಾಯ ಮಾಯಿತು, ಕೈ ಮಾತ್ರ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಪದ್ಮಳಿಗೆ ಸೊಂಟದವರೆಗೆ ಕೂದಲು. ಅವಳಿಗಿದ್ದ ಒಂದೇ ಒಂದು ಡೌಲು ಅದು. ದಿನವೂ ನಾನೇ ಬಾಚಿ ಜಡೆ ಹಾಕುತ್ತಿದ್ದೆ. ನನ್ನ ಕೈ ಒರಟು, ಬಾಚಣಿಗೆ ಸಿಕ್ಕಿಗೆ ಸಿಕ್ಕಿದರೆ ಎಳೆದುಬಿಡುತ್ತಿದ್ದೆ, ಅವಳು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದಳು. ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಹೋದರೆ ಬಾಗಿಲು ತೆಗೆದವಳು ಬೇರೆ ಯಾರೋ ಎನಿಸಿತು. ಪಾರ್ಲರಿಗೆ ಹೋಗಿ ಕತ್ತಿನವರೆಗೆ ಕತ್ತರಿಸಿಕೊಂಡು ಬಂದಿದ್ದಳು.

‘ನಿಮ್ಗೆ ದಿನಾ ತೊಂದ್ರೆ ಅತ್ತಿಗೆ’ ಎಂದಳು.

‘ಅವನು ಬಂದು ಒಂದು ಮಾತು ಕೇಳಿದ್ನೇನೇ?’

‘ಬಿಡಿ ಅತ್ತಿಗೆ. ನಾವು ಸುಮ್ನೆ ನಿಂತ್ಕೊಳ್ಳೋಕೆ ಹೋದೋರು ತಾನೆ.’

ಕಿರಣ ಅಂದಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವನ ಮಾತು ತಾನಾಗಿಯೇ ಅವಳ ಬಾಯಿಗೆ ಬಂದಿತ್ತು. ಅವಳು ನಿಜವಾಗಿಯೂ ಹಾಗೆಂದೇ ನಂಬಿದ್ದಳು. ತಾನು ಲೆಕ್ಕಕ್ಕಿಲ್ಲದವಳು, ತನ್ನ ಭುಜ ಲೆಕ್ಕಕ್ಕಿಲ್ಲದ್ದು ಎಂದು. ಟೆಂಪೋದವನನ್ನು ನಾನು ಆಗಲೇ ಮನಸ್ಸಿನಲ್ಲಿ ಕ್ಷಮಿಸಿದ್ದೆ. ಕಿರಣನನ್ನು ಹಾಗೆ ಬಿಡಬಾರದೆಂದು ಆ ದಿನ ಹಟ ಕಟ್ಟಿದೆ. ಅವನು ಪದ್ಮಳ ಬಾಗಿಲಿಗೆ ಬಂದು ನಿಲ್ಲಬೇಕು. ಅಷ್ಟೇ ನನಗೆ ಬೇಕಿದ್ದದ್ದು.

ಉಳಿದ ವಾಲಂಟಿಯರುಗಳನ್ನು ನಮ್ಮ ಕಡೆ ಸೆಳೆಯಲು ಮುನಿರಾಜಪ್ಪ ಒಬ್ಬರೇ ಸಾಕಾದರು. ಮುನಿರಾಜಪ್ಪ ಸಾರಕ್ಕಿಯ ಹಳೇ ಮನೆತನದವರು. ಈಗಿನ ಸಿಗ್ನಲ್ಲು ಇರುವ ಕಡೆ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಈಗ ಮನೆ ಬಾಡಿಗೆ ಬರುತ್ತದೆ, ಹೊತ್ತು ಹೋಗುವುದಿಲ್ಲ, ಹಾಗಾಗಿ ತಾತನ ಹೊಲದಲ್ಲಿ ನಿಂತು ಸೈಕಲ್ಲು ದಾಟಿಸುತ್ತಿದ್ದರು. ವಿಷಯ ಕೇಳಿ ಮೀಸೆ ತಿರುವಿದರು. ‘ಬುಡಿ ಮೇಡಂ, ಒಬ್ರೂ ಓಗಲ್ಲ. ನಾನ್ ಯೋಳ್ತೀನಿ ಎಲ್ಲಾರ್ಗೂ’ ಎಂದರು. ಹೇಳಿದಂತೆ ಮಾಡಿದರು. ಒಂದು ವಾರದೊಳಗೆ ಕಿರಣನಿಗೆ ಬಾಳೆಹಣ್ಣು ಸುಲಿದುಕೊಡುವವರೂ ಇರಲಿಲ್ಲ.

ಅವನು ಹೆದರಲಿಲ್ಲ. ಡಿಸೆಂಬರಿನಲ್ಲಿ ಬಡಾವಣೆಗಳನ್ನೆಲ್ಲ ಸುತ್ತುವ ದೊಡ್ಡ ಸವಾರಿ ಎಂದು ಬೋರ್ಡು ಹಾಕಿದ. ವಾಲಂಟಿಯರು ಬೇಡ, ಪ್ರೊಫೆಷನಲ್ ಟೀಮ್ ಬರುತ್ತದೆ ಎಂದು ಗುಂಪಿನಲ್ಲಿ ಬರೆದ. ದೊಡ್ಡ ರಸ್ತೆಗಳಿಗೆ ಪೊಲೀಸರು ಮತ್ತು ಕೂಲಿಗೆ ಕರೆತಂದ ಗಾರ್ಡುಗಳು, ಬಡಾವಣೆಯ ಒಳಗೆ ಬರೀ ರಂಗೋಲಿ ಪುಡಿಯ ಬಾಣದ ಗುರುತು.

ಈ ಬಾಣಗಳ ಕತೆ ಹೇಳಬೇಕು. ಜಯನಗರ, ಜೆ.ಪಿ. ನಗರಗಳಲ್ಲಿ ದಾರಿ ಹೇಳುವುದು ಹುಡುಗಾಟವಲ್ಲ. ಒಂದೇ ನಂಬರಿನ ಕ್ರಾಸು ಬ್ಲಾಕಿಗೊಂದು, ಫೇಸಿಗೊಂದು. ಇಲ್ಲೇ ಹುಟ್ಟಿದವರೂ ‘ಯಾವ ಒಂಬತ್ತನೇ ಕ್ರಾಸು?’ ಎಂದು ಕೇಳುತ್ತಾರೆ. ಫೋನಿನ ಮ್ಯಾಪು ನೋಡುತ್ತ ಗುಂಪಿನಲ್ಲಿ ಸೈಕಲ್ ಹೊಡೆಯಲಾಗುವುದಿಲ್ಲ. ಅದಕ್ಕೇ ತಿರುವುತಿರುವಿಗೆ ಬಾಣ. ಪೇಂಟ್ ಬಳಿದರೆ ಪಾಲಿಕೆಯವರು ಸುಮ್ಮನಿರುವುದಿಲ್ಲ, ಹಾಗಾಗಿ ರಂಗೋಲಿ ಪುಡಿ. ಅದನ್ನು ಬರೆಯುತ್ತಿದ್ದವರು ನಾವು. ಯಾವಾಗ? ಬೆಳಗಿನ ಜಾವ, ಹೆಂಗಸರು ಬಾಗಿಲಿಗೆ ನೀರು ಹಾಕಿ ಗುಡಿಸಿದ ಮೇಲೆ. ಗೇಟಿನ ಹತ್ತಿರ ಹೋಗಿ ಪದ್ಮ ಕೇಳುತ್ತಿದ್ದಳು, ‘ಅಮ್ಮಾ, ನೀರು ಹಾಕಿ ಆಯ್ತಾ? ಇಲ್ಲೊಂದು ಬಾಣ ಬರ್ಕೊಳ್ಳಾ?’ ಕೆಲವರು ಪುಡಿಯ ಬಟ್ಟಲು ತಂದು ತಾವೇ ಬರೆಯುತ್ತಿದ್ದರು. ಒಬ್ಬರಂತೂ ಬಾಣದ ತುದಿಗೆ ಕಮಲ ಬಿಡಿಸಿ, ಎರಡು ಕಡೆ ಬಳ್ಳಿ ಎಳೆದು, ‘ಸೈಕಲ್ಲವ್ರು ತುಳೀದೇ ಇರ್ಲಿ’ ಎಂದು ಆಜ್ಞೆ ಮಾಡಿದ್ದರು. ಹಾಗೆ ಕೇಳಿ ಬರೆದ ಬಾಣವನ್ನು ಯಾರೂ ಅಳಿಸುತ್ತಿರಲಿಲ್ಲ.

ಸವಾರಿಯ ಹಿಂದಿನ ಸಂಜೆ ಮುನಿರಾಜಪ್ಪನವರ ಫೋನು ಬಂತು. ದನಿಯಲ್ಲಿ ಉಸಿರೇ ಇರಲಿಲ್ಲ. ‘ಮೇಡಂ, ಪ್ರೊಫೆಸನಲ್ ಬಂದವ್ರೆ. ಬಾಣ ಬರೀತಾವ್ರೆ. ಈಗ್ಲೇ! ಇವತ್ತೇ!’

ನಾನು ಗೇಟಿಗೆ ಬಂದು ನೋಡಿದೆ. ಹೌದು. ಇಬ್ಬರು ಯುವಕರು ಕೊರೆದ ರಟ್ಟು ಇಟ್ಟು, ಪುಡಿ ಸುರಿದು, ಅಚ್ಚುಕಟ್ಟಾಗಿ ಬಾಣ ಮಾಡುತ್ತ ಬರುತ್ತಿದ್ದರು. ನಮ್ಮ ಮನೆ ಮುಂದೆಯೂ ಒಂದು ಬಿತ್ತು. ಬಲಕ್ಕೆ ತಿರುಗುವ ಬಾಣ. ನಾಳೆ ಭಾನುವಾರ, ಅದರಲ್ಲೂ ಧನುರ್ಮಾಸ. ಉಳಿದ ದಿನ ಎರಡು ಎಳೆ ಗೀಚಿ ಒಳಗೆ ಹೋಗುವವರೂ ಆ ತಿಂಗಳು ಬೀದಿಯ ಅರ್ಧದವರೆಗೆ ನೀರು ಹಾಕಿ, ತಿಕ್ಕಿ ತೊಳೆದು, ದೊಡ್ಡ ರಂಗೋಲಿ ಇಡುತ್ತಾರೆ. ಇದು ಇಲ್ಲಿಯ ಯಾವ ಮನೆಯವರಿಗೂ ಗೊತ್ತು. ಕಿರಣನ ತಾಯಿಯೂ ಬಾಗಿಲಿಗೆ ನೀರು ಹಾಕಿಯೇ ಅವನನ್ನು ಬೆಳೆಸಿರಬೇಕು.

‘ಯೋಳಣ್ವಾ ಮೇಡಂ?’ ಎಂದರು ಮುನಿರಾಜಪ್ಪ.

‘ಬೇಡ. ಸುಮ್ನಿರಿ’ ಎಂದೆ. ಒಂದು ಕ್ಷಣ ಬಿಟ್ಟು ಇಬ್ಬರೂ ಒಟ್ಟಿಗೆ ನಕ್ಕೆವು. ಅವರು ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡರು.

ಬೆಳಿಗ್ಗೆ ಕೊರೆಯುವ ಚಳಿ, ಬೀದಿಯಲ್ಲಿ ಮಂಜು. ಅಕ್ಕಪಕ್ಕದಲ್ಲೆಲ್ಲ ಬಕೆಟ್ಟಿನ ಸದ್ದು, ಚುರ್ರೆಂದು ನೀರು ಬೀಳುವ ಸದ್ದು, ಕಡ್ಡಿ ಪೊರಕೆಯ ಸದ್ದು. ನನ್ನ ಕಿವಿಗೆ ಅಷ್ಟು ಇಂಪಾದದ್ದು ಬೇರೆ ಯಾವುದೂ ಇಲ್ಲ. ನಾನೂ ಬಕೆಟ್ ತುಂಬಿಕೊಂಡು ಹೊರಗೆ ಬಂದೆ. ನಮ್ಮ ಮನೆ ಮುಂದಿನ ಬಾಣದ ಮೂತಿಗೆ ಸರಿಯಾಗಿ ನೀರು ಹೊಡೆದೆ. ಬಿಳಿ ನೀರು ಚರಂಡಿಗೆ ಇಳಿಯಿತು. ಇನ್ನೊಂದು ಬಕೆಟ್ ತಂದು ಇನ್ನೊಮ್ಮೆ ಹೊಡೆದೆ. ನಮ್ಮ ಬಾಗಿಲಿಗೆ ನಾನು ನೀರು ಹಾಕಲು ಯಾರಪ್ಪನ ಅಪ್ಪಣೆ ಬೇಕು? ಆಮೇಲೆ ಕೂತು, ಮಂಡಿ ನೋವನ್ನೂ ಮರೆತು, ನವಿಲಿನ ರಂಗೋಲಿ ಹಾಕಲು ಶುರು ಮಾಡಿದೆ. ನನಗೆ ನವಿಲು ಬರುವುದಿಲ್ಲ, ಅದು ಕೋಳಿಯ ಹಾಗೆ ಆಯಿತು. ಆದರೂ ಬಿಡದೆ ಗರಿ ತುಂಬಿದೆ.

ಬಿಸಿಲು ಬೀಳುವ ಹೊತ್ತಿಗೆ ಸೈಕಲ್ಲುಗಳು ಬಂದವು. ಮುಂದಿದ್ದವನು ನನ್ನ ಕೋಳಿಯ ಮುಂದೆ ನಿಂತ. ಹಿಂದಿನವರು ಅವನ ಹಿಂದೆ ನಿಂತರು. ಬೀದಿ ತುಂಬಿಹೋಯಿತು.

‘ಆಂಟಿ, ರೈಡ್ ಯಾವ್ ಕಡೆ ಹೋಯ್ತು?’

‘ರಂಗೋಲಿ ಹಾಕ್ತಾ ಇದೀನಪ್ಪ, ನೋಡ್ಲಿಲ್ಲ.’

‘ಬಾಣ ಇತ್ತಾ ಇಲ್ಲಿ?’

‘ನಮ್ಮನೆ ಮುಂದೆ ಯಾರ್ ಬಾಣ ಹಾಕ್ತಾರೆ?’

ಅವರೊಳಗೇ ಚರ್ಚೆಯಾಗಿ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಹೋದರು. ಎಡಕ್ಕೆ ಹೋದವರು ಪಾರ್ಕು ಸುತ್ತಿ ಮತ್ತೆ ನನ್ನ ಮುಂದೆಯೇ ಬಂದರು. ಬೀಗ ಹಾಕಿದ ಒಂದು ಮನೆಯ ಮುಂದೆ ಮಾತ್ರ ಬಾಣ ಉಳಿದಿತ್ತಂತೆ. ಅದನ್ನು ನಂಬಿ ಹೋದವರು ಸುತ್ತುತ್ತಲೇ ಇದ್ದರು. ಒಂದು ದಂಡು ಬಿ.ಟಿ.ಎಂ. ದಾಟಿ ಮಡಿವಾಳದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮೂಟೆಗಳ ನಡುವೆ ಸಿಕ್ಕಿಹಾಕಿಕೊಂಡಿತು. ಇನ್ನೊಂದು ದಂಡು ಯಾವುದೋ ಮನೆಯ ಬಳ್ಳಿ ರಂಗೋಲಿಯನ್ನೇ ಗುರುತೆಂದು ತಿಳಿದು ದೇವಸ್ಥಾನಕ್ಕೆ ಹೋಗಿ ಮುಟ್ಟಿತು. ಅಲ್ಲಿ ಧನುರ್ಮಾಸದ ಹುಗ್ಗಿ ಹಂಚುತ್ತಿದ್ದರು. ಹೆಲ್ಮೆಟ್ ಹಾಕಿಕೊಂಡೇ ಸಾಲಿನಲ್ಲಿ ನಿಂತು, ದೊನ್ನೆ ತುಂಬ ತಿಂದು, ಅಲ್ಲಿಂದಲೇ ಮನೆಗೆ ಹೋದರಂತೆ.

ನಾನು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಆಟೋ ಮಾಡಿಕೊಂಡು ಮೈದಾನಕ್ಕೆ ಹೋದೆ. ನೋಡಲೇಬೇಕಿತ್ತು. ಸ್ಟೇಜಿನ ಮೇಲೆ ಹಾರ ಹಾಕಿಸಿಕೊಂಡ ಅತಿಥಿಗಳು ಗಡಿಯಾರ ನೋಡುತ್ತ ಕೂತಿದ್ದರು. ಗೆಲುವಿನ ಕಮಾನಿನ ಕೆಳಗೆ ಒಂದು ನಾಯಿ ಮಲಗಿತ್ತು. ಕಿರಣ ಮೈಕು ಹಿಡಿದು ‘ರೈಡರ್ಸ್ ಇನ್ನೇನ್ ಬಂದ್ಬಿಡ್ತಾರೆ’ ಎನ್ನುತ್ತಿದ್ದ. ಹೇಳಿ ಹೇಳಿ ಅವನ ದನಿ ಒಡೆದಿತ್ತು. ಒಬ್ಬ ಅತಿಥಿ ಎದ್ದು ಹೋದರು, ಅವರ ಹಿಂದೆ ಇನ್ನೊಬ್ಬರು. ನಾನು ಎದುರಿಗೇ ಕೈ ಕಟ್ಟಿ ನಿಂತಿದ್ದೆ. ಕಿರಣ ನನ್ನನ್ನು ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಹೊಟ್ಟೆ ತಣ್ಣಗಾಯಿತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ದಿನ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದೆ.

ಸಂಕ್ರಾಂತಿಗೆ ಮುಂಚೆ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಹೂಗುಚ್ಛ. ‘ಮೇಡಂ, ನೀವಿಲ್ದೆ ಆಗಲ್ಲ. ನಿಮ್ ಟೀಮ್ ವಾಪಸ್ ಬರ್ಬೇಕು. ಸ್ಟೇಜ್ ಮೇಲೆ ಎಲ್ಲರ್ಗೂ ಶಾಲು ಹೊದಿಸ್ತೀನಿ’ ಎಂದ.

‘ನನ್ನ ಹತ್ರ ಏನೂ ಇಲ್ಲ. ಹೋಗಿ ಪದ್ಮನ್ನ ಕೇಳಿ’ ಎಂದೆ. ಮನೆ ತೋರಿಸಲು ನಾನೂ ಜೊತೆಗೆ ಹೊರಟೆ. ದಾರಿಯಲ್ಲಿ ಅವನ ಪಕ್ಕ ನಡೆಯುತ್ತ, ಇವನು ಬಗ್ಗಿ ಕ್ಷಮೆ ಕೇಳುವುದನ್ನು ಕಣ್ಣಾರೆ ನೋಡುತ್ತೇನೆಂದು ನನಗೆ ಒಳಗೊಳಗೇ ಕುಣಿಯುವಂತಾಗಿತ್ತು. ಒಂದೇ ಭಯ. ಈ ಪದ್ಮ ಬಾಗಿಲು ತೆಗೆದ ಕೂಡಲೇ ‘ಬಿಡಿ’ ಎಂದು ಕಾಫಿ ತಂದುಕೊಟ್ಟುಬಿಟ್ಟರೆ?

ಕಿರಣ ಬೆಲ್ ಒತ್ತಿದ. ಪದ್ಮ ಬಾಗಿಲು ತೆಗೆದಳು. ಎರಡು ವರ್ಷ ಪ್ರತಿ ಭಾನುವಾರ ಇವನಿಗೆ ಗುಡ್ ಮಾರ್ನಿಂಗ್ ಹೇಳಿದ್ದವಳು.

‘ಆಂಟಿ, ಪದ್ಮಾ ಮೇಡಂ ಇದಾರಾ?’ ಎಂದ.

ಪದ್ಮ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೇನೋ ಎಂದು ಹುಡುಕಿದಳು. ತಮಾಷೆಯಾಗಿರಲಿಲ್ಲ.

‘ಯಾವ ಪದ್ಮಾ?’ ಎಂದಳು.

‘ಅದೇ, ನಮ್ಮ ರೈಡಿಗೆ ವಾಲಂಟಿಯರ್ ಬರ್ತಿದ್ರಲ್ಲ.’

‘ನೋಡೋಕೆ ಹೇಗಿದಾರೆ?’

ಕಿರಣ ನನ್ನ ಕಡೆ ತಿರುಗಿದ. ನಾನು ಬೀದಿಯ ಕಡೆ ನೋಡಿದೆ. ಅವನು ತಡವರಿಸಿದ. ‘ಅವ್ರು... ಸ್ವಲ್ಪ ವಯಸ್ಸಾದೋರು... ಹಳದಿ ಜಾಕೆಟ್ ಹಾಕಿರ್ತಾರಲ್ಲ ಆಂಟಿ, ಅವ್ರು’ ಎಂದ.

ಪದ್ಮ ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಿದ್ದ ಹಳದಿ ಜಾಕೆಟ್ಟನ್ನು ಎಡಗೈಯಲ್ಲಿ ತಂದು, ಅವನ ಹೂಗುಚ್ಛದ ಮೇಲೆ ಇಟ್ಟಳು.

‘ತಗೊಳ್ಳಿ. ನೀವು ಹುಡುಕ್ಕೊಂಡ್ ಬಂದೋರು ಇವ್ರೇ’ ಎಂದಳು.

ಆಮೇಲೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದದ್ದು ನಮ್ಮಿಬ್ಬರಿಗೂ ಕೇಳಿಸಿತು.